ರಾಜರ ಕೆಳಗೆ ನನ್ನ ಹೆಸರು

ಆಗ ನನಗೆ ಒಂಬತ್ತೋ ಹತ್ತೋ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಯಶವಂತಪುರದ ನಮ್ಮ ಮೇಷ್ಟ್ರು ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ, ಅದೇ ತಾರೀಖಿನಲ್ಲಿ ಹಿಂದೆ ನಡೆದ ಯುದ್ಧಗಳನ್ನೂ ಹುಟ್ಟಿದ ರಾಜರನ್ನೂ ಬರೆಯುತ್ತಿದ್ದರು. ಬರೆದು, ಪಂಚೆಗೆ ಕೈಯೊರೆಸಿ, "ಇವತ್ತೇನು ಸಾಮಾನ್ಯ ದಿನಾನಾ?" ಅನ್ನುತ್ತಿದ್ದರು. ಪಂಚೆಯ ಒಂದು ಮಗ್ಗುಲು ಯಾವಾಗಲೂ ಸುಣ್ಣ ಬಳಿದ ಹಾಗಿರುತ್ತಿತ್ತು. ತರಗತಿಯಲ್ಲಿ ಅದೇ ತಾರೀಖಿಗೆ ಹುಟ್ಟಿದ ಮಕ್ಕಳಿದ್ದರೆ ರಾಜರ ಕೆಳಗೆ ಅವರ ಹೆಸರೂ ಬೀಳುತ್ತಿತ್ತು.

"ನನ್ದೂ ಬರೀರಿ ಸಾ" ಎಂದು ಪೀಡಿಸಿದೆ.

"ದಾಖಲೇಲಿರೋದು ನಾನೇ ಅಂದಾಜಿಗೆ ಹಾಕಿದ ತಾರೀಖು ಕಣಮ್ಮ. ನಿಜವಾದ್ದು ಬೇಕು."

ಅಷ್ಟರಲ್ಲಿ ಅವ್ವ ಅವರೆಕಾಯಿ ತುಂಬಿದ ಬಿದಿರ ಮಂಕರಿ ಹೊತ್ತು ಶಾಲೆಯ ಮುಂದೆಯೇ ಸಂತೆಗೆ ಹೊರಟಿದ್ದಳು. ಮೇಷ್ಟ್ರು ಬಾಗಿಲಲ್ಲೇ ಕರೆದು ಕೇಳಿದರು.

"ತಾರೀಕು ಯಾರಿಗ್ ಗೊತ್ತು ಸೋಮಿ? ಇಂಗೇ ಅವರೆಕಾಯಿ ಕೀಳ್ತಿದ್ದೆ, ನೋವ್ ಬಂತು, ಒಲದಾಗೇ ಎತ್ತೆ. ಕಾಯಿ ಜೊತೆ ಮಂಕ್ರೀಲೇ ಮಡಿಕ್ಕೊಂಡ್ ಬಂದೆ."

"ಹಾಗಾದ್ರೆ ಇವತ್ತೇ ಅನ್ಕೊಳೋಣ" ಎಂದು ಮೇಷ್ಟ್ರು ಯಾವನೋ ಚಕ್ರವರ್ತಿಯ ಕೆಳಗೆ ನನ್ನ ಹೆಸರು ಬರೆದು, ಪಕ್ಕದಲ್ಲಿ 'ಅವರೆ ಹೊಲದಲ್ಲಿ ಜನನ' ಎಂದು ಸೇರಿಸಿದರು.

"ಏಯ್ ಮಂಕ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಕ್ಕಳಿಗೆ ಸಂತೋಷವಾಯಿತೆಂದುಕೊಂಡು ಮೇಷ್ಟ್ರೂ ನಕ್ಕರು. ನನ್ನ ಕಿವಿ ಸುಡುತ್ತಿತ್ತು. ಬಾಗಿಲಲ್ಲಿ ಇನ್ನೂ ನಿಂತಿದ್ದ ಅವ್ವ ನನ್ನವಳಲ್ಲ ಎನ್ನುವಂತೆ ನೆಲ ನೋಡುತ್ತ ಕೂತೆ.

ಮರುದಿನ ಬೆಳಿಗ್ಗೆ ಶಾಲೆ ತಪ್ಪಿಸಿ ಅವ್ವನ ಜೊತೆ ಪಕ್ಕದೂರಿನ ಸಂತೆಗೆ ಹೊರಟೆ. ಶಾಲೆಯ ಮುಂದೆ ಬಂದಾಗ ಒಳಗಿನಿಂದ "ಇವತ್ತೇನು ಸಾಮಾನ್ಯ ದಿನಾನಾ?" ಕೇಳಿಸಿತು. ಮೇಷ್ಟ್ರಿಗೆ ನನ್ನ ಮುಖ ಕಾಣಬಾರದೆಂದು ಅವ್ವನ ಆಚೆ ಬದಿಗೆ ಸರಿದು ನಡೆದೆ.