ಕಾಲಿನ ಅಲ್ಲ, ಕಲೀನಾ

ಆ ಭಾನುವಾರ ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸಿನಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಪರ್ತಿನಲ್ಲಿದ್ದ ತಮ್ಮ ಸುಧೀರನ ಜೊತೆ ಮಾತು. ನಮ್ಮ ಗಡಿಯಾರಕ್ಕಿಂತ ಅವನದು ಎರಡು ಗಂಟೆ ಹಿಂದೆ. ಒಂದೇ ದೇಶದಲ್ಲಿದ್ದೂ ಅಕ್ಕತಮ್ಮಂದಿರ ಊಟದ ಹೊತ್ತು ಕೂಡಿಬರುವುದಿಲ್ಲ ಎಂದು ಅವನು ಆಗಾಗ ದೂರುತ್ತಿದ್ದ.

ಸುಧೀರ ಗಣಿಯಲ್ಲಿ ಭೂವಿಜ್ಞಾನಿ. ಎರಡು ವಾರ ಕ್ಯಾಂಪು, ಒಂದು ವಾರ ಮನೆ. ಹೆಂಡತಿ ಬಲ್ಗೇರಿಯಾದವಳು. ಹೆಸರು ದೆಸಿಸ್ಲಾವಾ, ಎಲ್ಲರೂ ಕರೆಯುವುದು ದೇಸಿ. ಮದುವೆಯ ವಿಷಯವನ್ನು ಅವನು ಮೈಸೂರಿನಲ್ಲಿದ್ದ ಅಮ್ಮನಿಗೆ ಹೇಳಿದ್ದು ಹೀಗೆ: "ಯೋಚನೆ ಮಾಡ್ಬೇಡಮ್ಮ, ಹುಡುಗಿ ದೇಸಿನೇ." ಅಮ್ಮನಿಗೆ ನಿಜ ತಿಳಿದದ್ದು ಫೋಟೋ ನೋಡಿದ ಮೇಲೆ. ನಮ್ಮ ಮನೆಯಲ್ಲಿ ಹೆಸರನ್ನು ಹಿಡಿದು ಆಟವಾಡದೆ ಬಿಟ್ಟವರಿಲ್ಲ. ನನ್ನ ಮಗಳು ಚಾರ್ವಿಯನ್ನು ಇಲ್ಲಿಯ ಒಬ್ಬ ಡಾಕ್ಟರು ಹಾರ್ವಿ ಎಂದು ಕೂಗಿ, ಹುಡುಗ ಎಲ್ಲಿ ಎಂದು ಹುಡುಕಿದ್ದನ್ನು ಸುಧೀರ ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದ. ಸೇಡು ತೀರಿಸಿಕೊಳ್ಳಲು ನಾನೂ ಕಾದಿದ್ದೆ ಎಂದರೆ ಸುಳ್ಳಾಗಲಾರದು.

ದೇಸಿಗೆ ಆಗ ಏಳು ತಿಂಗಳು. "ಸ್ಕ್ಯಾನಲ್ಲಿ ಹೆಣ್ಣು ಅಂದ್ರಲ್ಲ," ಎಂದ ಅವನು. "ಹೆಸರು ಅವರ ಕಡೇದೇ ಇರ್ಲಿ ಅಂತ ನಾನೇ ಹೇಳ್ದೆ. ಸರ್‌ನೇಮ್ ಹೇಗೂ ನಂದೇ. ಆದ್ರೆ ಅಮ್ಮನ ಬಾಯಿಗೂ ಬರ್ಬೇಕು ನೋಡು. ಹುಡುಕಿ ಹುಡುಕಿ ಒಂದು ಸಿಕ್ತು. ಕಲೀನಾ."

"ಕಾಲಿನ? ಕಾಲಿನ ಏನೋ? ಕಾಲಿನ ಚಪ್ಪಲಿಯೋ, ಕಾಲಿನ ಆಣಿಯೋ?"

"ಕಾಲಿನ ಅಲ್ಲ ಕಣೇ, ಕಲೀನಾ. ಲೀ ದೀರ್ಘ. ಅದೊಂದು ಗಿಡ ಅಂತೆ. ಬಿಳಿ ಹೂವು, ಕೆಂಪು ಹಣ್ಣು ಬಿಡತ್ತೆ. ಮತ್ತೆ ಅದು..."

"ಲೋ, ಅಮ್ಮ ಪಕ್ಕದ್ಮನೆ ಆಂಟಿ ಹತ್ರ 'ನನ್ನ ಮೊಮ್ಮಗಳು ಕಾಲಿನ' ಅಂತ ಹೇಳೋದನ್ನ ಸ್ವಲ್ಪ ನೆನೆಸ್ಕೋ!"

ಅವನೂ ನಕ್ಕ. "ಹೋಗ್ಲಿ ಬಿಡು, ಬೇರೆ ನೋಡ್ತೀನಿ. ಇನ್ನೂ ಎರಡು ತಿಂಗಳಿದೆ. ಕಿವೀಲಿ ಹೆಸರು ಹೇಳೋಕೆ ನೀನೇ ಬರ್ಬೇಕು, ರಜ ಹಾಕಿಡು." ನಮ್ಮಲ್ಲಿ ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. "ಬರ್ತೀನಿ ಕಣೋ, ಹೇಳೋ ಹಂಗಿರೋ ಹೆಸರಿಡು," ಎಂದು ಫೋನಿಟ್ಟೆ.

ಮರುದಿನ ಅವನು ಕ್ಯಾಂಪಿಗೆ ಹೋದ. ಮಂಗಳವಾರ ಬೆಳಿಗ್ಗೆ ಊಟದ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಮೂವತ್ತೈದು ವರ್ಷ. ಆಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ದೇಸಿ ಪರ್ತಿನ ಮನೆ ಬಿಟ್ಟು ಅಡಿಲೇಡಿನ ಮಾಸನ್ ಲೇಕ್ಸಿನಲ್ಲಿದ್ದ ತಾಯಿಯ ಬಳಿಗೆ ಹೋದಳು. ಮಗು ಅಲ್ಲೇ ಹುಟ್ಟಿತು. ನಾನು ಹೋದಾಗ ಹತ್ತು ದಿನದ ಕೂಸು, ಇನ್ನೂ ಹೆಸರಿಲ್ಲ. ಆಸ್ಪತ್ರೆಯ ಕಾಗದದಲ್ಲಿ ದೆಸಿಸ್ಲಾವಾಳ ಮಗು ಎಂದಷ್ಟೇ ಇತ್ತು.

ದೇಸಿ ಒಂದು ಹಾಳೆ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಡಿಸಿಟ್ಟಳು. ಪರ್ತಿನ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಇದ್ದದ್ದಂತೆ. ಸುಧೀರನ ಅಕ್ಷರ, ಎಲ್ಲ ಕನ್ನಡದಲ್ಲಿ. ಕನ್ನಡದಲ್ಲಿ ಬರೆದರೆ ಹೇಗೆ ಕಾಣುತ್ತದೆ ಎಂದು ನೋಡಿಕೊಂಡಿರಬೇಕು.

"ಒಂದನ್ನ ಆರಿಸಿದೀನಿ, ಹುಟ್ಟಿದ ಮೇಲೆ ಹೇಳ್ತೀನಿ ಅಂದಿದ್ದ," ಎಂದಳು ದೇಸಿ. ಅವಳ ಮಾತೆಲ್ಲ ಇಂಗ್ಲಿಷಿನಲ್ಲಿ, 'ಅಕ್ಕ' ಒಂದು ಮಾತ್ರ ಕನ್ನಡ. "ನನಗೆ ಓದಕ್ಕೆ ಬರಲ್ಲ. ನೀನು ಓದು, ಅಕ್ಕ."

ಓದಿದೆ. ಮಿಲಾ, ರಾದಾ, ನೆವೆನಾ, ಯಾಸ್ನಾ. ಅಲ್ಲಿಗೆ ನಿಲ್ಲಿಸಿದೆ.

"ಐದು ಸಾಲಿದೆ."

"ಐದನೇದನ್ನ ಹೊಡೆದು ಹಾಕಿದಾನೆ."

"ಏನದು? ಪಕ್ಕದಲ್ಲಿ ಏನೋ ಬರ್ದಿದಾನಲ್ಲ?"

ಐದನೆಯದು ಕಲೀನಾ. ಅದರ ಮುಂದೆ ಮೊದಲು ಹಾಕಿದ ಒಂದು ರೈಟ್ ಮಾರ್ಕು, ಆಮೇಲೆ ಹೆಸರಿನ ಮೇಲೆ ಎಳೆದ ಗೀಟು, ಪಕ್ಕದಲ್ಲಿ ಎರಡು ಪದ: "ಅಕ್ಕ ನಗ್ತಾಳೆ."

ನೀವೇ ಹೇಳಿ, ಆಗ ನಾನು ಏನು ಓದಿದ್ದರೂ ನಡೆಯುತ್ತಿತ್ತಲ್ಲವೇ? ಮಿಲಾ ಎಂದುಬಿಡಬಹುದಿತ್ತು. ಅದೂ ಒಳ್ಳೆಯ ಹೆಸರೇ, ಮುದ್ದು ಎಂಬ ಅರ್ಥವಂತೆ. ಮಿಲಾ ಎನ್ನಲು ಬಾಯಿಯನ್ನೂ ತೆರೆದೆ. ಆದರೆ ಆ ಗೀಟು ನಾನು ಎಳೆಸಿದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಲಿನ ಎಂದರೇನು, ನಾನು ಯಾಕೆ ನಕ್ಕೆ ಎಂದು ವಿವರಿಸಿದೆ. ಇಂಗ್ಲಿಷಿಗೆ ತಂದ ಮೇಲೆ ಅದರಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ಒಲೆಯ ಮುಂದಿದ್ದ ದೇಸಿಯ ತಾಯಿ ಚಮಚ ಕೆಳಗಿಟ್ಟು ತಿರುಗಿದರು. "ಕಲೀನಾ ನನ್ನ ಅಮ್ಮನ ಹೆಸರು," ಎಂದರು. ಇದನ್ನು ಸುಧೀರ ನನಗೆ ಹೇಳಿರಲಿಲ್ಲ. ಹೇಳಲು ನಾನು ಬಿಟ್ಟಿರಲಿಲ್ಲ.

ದೇಸಿ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಈಗ ನಗು ಬರತ್ತಾ ನಿಂಗೆ?"

"ಇಲ್ಲ."

"ಹಾಗಾದ್ರೆ ಅವಳ ಕಿವೀಲಿ ಹೇಳು, ಅಕ್ಕ."

ಮರುದಿನ ಬೆಳಿಗ್ಗೆ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೆಸರು ಬರೆದೆ. ಪುರೋಹಿತರಿರಲಿಲ್ಲ. ಮೈಸೂರಿನಿಂದ ಅಮ್ಮ ಸ್ಕೈಪಿನಲ್ಲಿ ನೋಡುತ್ತಿದ್ದಳು. ಮಗುವಿನ ಬಲಗಿವಿಯಲ್ಲಿ ಮೂರು ಸಲ ಹೇಳಿದೆ. ಲೀ ದೀರ್ಘ.

"ಏನಂದೆ? ನಂಗೂ ಜೋರಾಗಿ ಹೇಳೇ," ಎಂದಳು ಅಮ್ಮ. ಹೇಳಿದೆ. "ಕಲೀನಾ," ಎಂದಳು ಅವಳು, ಪರದೆಗೆ ಮುಖ ಹತ್ತಿರ ತಂದು. "ಕಲೀನಾ, ಇಲ್ಲಿ ನೋಡೇ ಪುಟ್ಟಿ." ಅವಳ ನಾಲಿಗೆ ಎಲ್ಲೂ ತೊಡರಲಿಲ್ಲ. ಅಮ್ಮನ ಬಾಯಿಗೆ ಏನು ಬರುತ್ತದೆ ಎಂಬುದು ನನಗಿಂತ ಸುಧೀರನಿಗೇ ಚೆನ್ನಾಗಿ ಗೊತ್ತಿತ್ತು.

ಈಗ ಕಲೀನಾಗೆ ಆರು ವರ್ಷ. ರಜೆಗೆ ಬ್ರಿಸ್ಬೇನಿಗೆ ಬರುತ್ತಾಳೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಊಟ ಮಾಡ್ತೀಯೇನೇ?" ಎಂದರೆ "ಇನ್ ಎ ಮಿನಿಟ್, ಅತ್ತೆ." ಮೊನ್ನೆ ಶಾಲೆಯ ಆಟ ಆಡಿದಳು. ತಾನೇ ಟೀಚರ್, ಗೊಂಬೆಗಳು ಮಕ್ಕಳು. ಹಾಜರಿ ಕರೆಯುತ್ತ ತನ್ನ ಹೆಸರನ್ನೂ ಕೂಗಿದಳು: "ಕಲೀನಾ ಸುಧೀರ್!" ತಾನೇ ಕೈ ಎತ್ತಿದಳು. ಸುಧೀರನಿಗೆ ಮನೆತನದ ಹೆಸರಿರಲಿಲ್ಲ, ಅವನ ಹೆಸರೇ ಅವಳ ಸರ್‌ನೇಮ್ ಆಯಿತು. ಅಡಿಲೇಡಿನ ಒಂದು ತರಗತಿಯಲ್ಲಿ ದಿನವೂ ಯಾರೋ ಅವನ ಹೆಸರು ಕರೆಯುತ್ತಾರೆ.

ಅವಳ ಹೆಸರನ್ನು ಅವನು ಒಂದು ಸಲವೂ ಕರೆದಿಲ್ಲ.