ಹೆಬ್ಬೆರಳು ಹಿಡಿದವಳು

ಮುಳಬಾಗಿಲಿನ ಹೆದ್ದಾರಿ ಬದಿಯಲ್ಲಿ ಲಾರಿಗಳ ಏರ್‌ಬ್ರೇಕ್ ರಿಪೇರಿ ಮಾಡುತ್ತಿದ್ದ ಪೆದ್ದಪ್ಪ ಹೆಸರಿನಿಂದ ತೆಲುಗಿನವರಿಗೆ ದೊಡ್ಡವನು, ಕನ್ನಡದವರಿಗೆ ದಡ್ಡ. ಎರಡೂ ಭಾಷೆ ಬಲ್ಲ ಡ್ರೈವರುಗಳು ಬಿಲ್ಲು ನೋಡಿ ಅರ್ಥ ಹಚ್ಚುತ್ತಿದ್ದರು.

ಈ ಬ್ರೇಕು ನಿಂತಿರುವುದೇ ಗಾಳಿಯ ಮೇಲೆ. ಇಂಜಿನ್ನು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಪೆಡಲು ತುಳಿದರೆ ಅದು ಪೈಪುಗಳಲ್ಲಿ ನುಗ್ಗಿ ಚಕ್ರ ಹಿಡಿಸುತ್ತದೆ. ಎಲ್ಲೋ ಒಂದು ಜಾಯಿಂಟ್ ಸೋರಿದರೆ, ಮೊಗಿಲಿ ಘಾಟಿ ಇಳಿಯುವಾಗ ತುಳಿದದ್ದೆಲ್ಲ ಬರೀ ಗಾಳಿಮಾತು. ಸೋಪಿನ ನೊರೆ ಬಳಿದು ಗುಳ್ಳೆ ಹುಡುಕುವ ಮೇಸ್ತ್ರಿಗಳಿದ್ದರು. ಪೆದ್ದಪ್ಪನಿಗೆ ನೊರೆ ಬೇಡ, ಲಾರಿ ಕೆಳಗೆ ಮಲಗಿ ಕಿವಿ ಕೊಟ್ಟರೆ ಸಾಕು. ಆ ಕಿವಿ ನಂಬಿಯೇ ಲಾರಿಗಳು ಬರುತ್ತಿದ್ದವು.

ಎಪ್ಪತ್ತೆಂಟನೇ ಇಸವಿಯಲ್ಲಿ ಪಕ್ಕದಲ್ಲೇ ಟೈರೊಂದು ಸಿಡಿದು ಆ ಕಿವಿ ಹೋಯಿತು. ಎದುರಿಗಿದ್ದವರ ಬಾಯಿ ನೋಡಿ ಮಾತು ಹಿಡಿಯಬಹುದು, ಗಾಳಿಗೆ ಬಾಯೆಲ್ಲಿದೆ? ಈಗ ನೊರೆ ಕಲಸಿದರೆ ಯಾಕೆಂದು ಕೇಳುತ್ತಾರೆ. ಗೊತ್ತಾದರೆ ಒಬ್ಬನೂ ಬರುವುದಿಲ್ಲ.

ಆಗಿನಿಂದ ಹೆಂಡತಿ ಮುನಿಗಂಗಮ್ಮ ಬುತ್ತಿ ತಂದವಳು ಅಲ್ಲೇ ಕೂರತೊಡಗಿದಳು. ಇಂಜಿನ್ ಆರಿಸಿ ಡ್ರೈವರು ಪೆಡಲು ಒತ್ತಿ ಹಿಡಿಯುವನು. ಗಂಡ ಲಾರಿಯಡಿ ಒಂದೊಂದೇ ನಟ್ಟು ಬಿಗಿಸುತ್ತ ಹೋಗುವನು. ಹೊರಗೆ ಚಾಚಿದ ಅವನ ಕಾಲಿನ ಹೆಬ್ಬೆರಳು ಅವಳ ಕೈಯಲ್ಲಿ. ಗಾಳಿ ಉಸ್ಸೆನ್ನುವಷ್ಟು ಹೊತ್ತೂ ಹಿಡಿದಿರುವಳು, ಸದ್ದು ನಿಂತ ಕೂಡಲೇ ಬಿಡುವಳು. ಬಿಟ್ಟರೆ ಕೆಲಸ ಮುಗಿಯಿತೆಂದು ಅವನು ಹೊರಬರುವನು.

"ಏನಕ್ಕಾ, ಪಾದಪೂಜೆ ಮನೇಲಿ ಮುಗೀಲಿಲ್ವಾ?" ಎಂದು ಟೊಮೇಟೊ ಲಾರಿಯ ಆಂಜಿನಪ್ಪ ಕಿಟಕಿಯಿಂದ ರೇಗಿಸುತ್ತಿದ್ದ.

"ನಿಮ್ಮಣ್ಣ ಮಲಗಿದ್ರೆ ಗೊರಕೆ ಹೊಡೀತಾನೆ ಕಣಪ್ಪಾ. ನಿನ್ ಬ್ರೇಕ್ ನಿಲ್ಬೇಕಾ, ಅವ್ನು ನಿದ್ದೆ ಮಾಡ್ಬೇಕಾ?"

ಎಂಬತ್ತಮೂರರಲ್ಲಿ ಅವಳು ಕಾಮಾಲೆಯಾಗಿ ತೀರಿಕೊಂಡಳು.

ತಿಥಿ ಮುಗಿಸಿ ಪೆದ್ದಪ್ಪ ಅಂಗಡಿ ತೆರೆದಾಗ ಮೊದಲು ಬಂದವನು ಆಂಜಿನಪ್ಪನೇ. ಅವನು ಪೆಡಲು ಒತ್ತಿ ಕೂತ. ಪೆದ್ದಪ್ಪ ಕೆಳಗೆ ತೂರಿ, ಕೈಗೆ ಸಿಕ್ಕ ನಟ್ಟೆಲ್ಲ ಬಿಗಿಸಿದ. ಬೆರಳು ಹಿಡಿದವರಿಲ್ಲ, ಕಾಲಿಗೆ ಎಲ್ಲ ಸರಿಯಾದಂತೆಯೇ ಅನಿಸಿತೋ ಏನೋ. ಹೊರಬಂದು "ಆಯ್ತು, ಹೊರಡು" ಎಂದವನು ಆಂಜಿನಪ್ಪನ ಮುಖವನ್ನೇ ನೋಡುತ್ತ ನಿಂತ.

ಹಿಂದಿನ ಚಕ್ರದ ಬಳಿ ಗಾಳಿ ಇನ್ನೂ ಉಸ್ಸೆನ್ನುತ್ತಿತ್ತು. ಕ್ಯಾಬಿನ್ನಿಗೂ ಕೇಳುವಷ್ಟು ಜೋರಾಗಿ.

ಆ ಅಕ್ಕನ ಕೈ ಅಲ್ಲಿ ಮಾಡುತ್ತಿದ್ದುದೇನೆಂದು ಆಂಜಿನಪ್ಪನಿಗೆ ಆಗ ಹೊಳೆಯಿತು.

"ಇನ್ನೊಂದ್ಸಲ ಮಲಗಣ್ಣಾ," ಎಂದ, ಬಾಯಿ ಕಾಣುವ ಹಾಗೆ ತಿರುಗಿ. ಸೀಟಿಗೂ ಪೆಡಲಿಗೂ ನಡುವೆ ಜಾಕಿಯ ರಾಡು ಸಿಕ್ಕಿಸಿ ಇಳಿದು ಬಂದ. ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳು ಹಿಡಿದ.

ಕಾಲು ಬೆಚ್ಚಿತು. ಆಮೇಲೆ ಸ್ಪ್ಯಾನರ್ ತಿರುಗಿತು, ಗಾಳಿಯ ಸದ್ದು ನಿಂತಿತು.

ಲಾರಿಯಡಿ ಇನ್ನೊಂದು ಸದ್ದಿತ್ತು, ಬಿಕ್ಕಿದಂಥದ್ದು. ತನಗೇ ಕೇಳದ್ದು ಯಾರಿಗೂ ಕೇಳುವುದಿಲ್ಲವೆಂದು ಪೆದ್ದಪ್ಪ ತಿಳಿದಿದ್ದಿರಬೇಕು. ಆಂಜಿನಪ್ಪ ಬೆರಳು ಬಿಡಲಿಲ್ಲ.