ಕ್ಯಾಜ್‌ನ ಕೆಟ್ಟ ಕಂಡೆನ್ಸರ್

ನನ್ನ ತಮ್ಮ ಕ್ಯಾಸಿಮಿರ್‌ನನ್ನು ವ್ಯಾಂಡಾಟ್ ಊರಲ್ಲಿ ಯಾರೂ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ಕ್ಯಾಜ್. ಕಾರಿನ ಬಾಗಿಲು ಅಚ್ಚೊತ್ತುವ ಕಾರ್ಖಾನೆಯಲ್ಲಿ ಜೀವ ಸವೆಸಿದ, ಮದುವೆಯಾಗಲಿಲ್ಲ, ಯಾರ ತಂಟೆಗೂ ಹೋಗಲಿಲ್ಲ. ಮಾತಿನ ವಿಷಯವಂತೂ ಕೇಳಲೇಬೇಡಿ. ಅಪ್ಪನನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಎದ್ದು ಅಪ್ಪನ ಬಗ್ಗೆ ನಾಲ್ಕು ಮಾತಾಡೋ ಅಂದರೆ, "ಅಪ್ಪ ಒಳ್ಳೆಯವರು. ಊಟ ಕೆಳಗಡೆ ಇದೆ" ಎಂದು ಹೇಳಿ ಕೂತುಬಿಟ್ಟ ಪುಣ್ಯಾತ್ಮ ಇವನು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಯ ಮಹಡಿಗೆ ಬಂದೆ. ಅಂದಿನಿಂದ ಅವನ ಪಾಲಿನ ಮಾತನ್ನೂ ನಾನೇ ಆಡುತ್ತಾ ಬಂದಿದ್ದೇನೆ.

ಬಾಯಿ ಸತ್ತ ಇವನ ಕಾರು ಮಾತ್ರ ಮೂರು ಬೀದಿಗೆ ಕೇಳುವಂಥದ್ದು. ಎಪ್ಪತ್ತನೇ ಇಸವಿಯದು, ಕಿತ್ತಳೆ ಬಣ್ಣ, ಎರಡೇ ಬಾಗಿಲು, ಎಂಟು ಸಿಲಿಂಡರು. ಅದು ಹೊರಟರೆ ನನ್ನ ಅಡುಗೆಮನೆಯ ತಟ್ಟೆಗಳು ತಾವಾಗಿ ಜಾಗ ಬದಲಾಯಿಸುತ್ತವೆ. ಯಾವ ಕಂಪನಿಯದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಬೇರೆ ಕಾರು ಕಂಪನಿಯಲ್ಲಿ ದುಡಿದ ಅರ್ಧ ಊರು ಮುನಿಸಿಕೊಳ್ಳುತ್ತದೆ, ಇನ್ನರ್ಧ ಊರು ಮನೆಗೆ ಬಂದು ಬಾನೆಟ್ ಎತ್ತಿ ತೋರಿಸು ಅನ್ನುತ್ತದೆ.

ಬೇಸಿಗೆಯ ಶುಕ್ರವಾರ ಸಂಜೆ ಫೋರ್ಟ್ ಬೀದಿಯ ಬರ್ಗರ್ ಅಂಗಡಿಯ ಮುಂದೆ ಇಂಥ ಹಳೇ ಕಾರಿನವರೆಲ್ಲ ಸೇರುತ್ತಾರೆ. ಬಾನೆಟ್ ಎತ್ತಿ, ಕುರ್ಚಿ ಹಾಕಿಕೊಂಡು, ಒಬ್ಬರ ಎಂಜಿನ್ನಿಗೆ ಒಬ್ಬರು ಹೆಸರಿಡುವುದೇ ಅಲ್ಲಿನ ಕೆಲಸ. ಕ್ಯಾಜ್ ಎಲ್ಲರಿಗಿಂತ ಮುಂಚೆ ಹೊರಟು ಎಲ್ಲರಿಗಿಂತ ಕೊನೆಗೆ ತಲುಪುತ್ತಿದ್ದ. ಯಾಕೆಂದರೆ ಓಕ್ ಬೀದಿಯ ತಿರುವು ದಾಟಿದ ಕೂಡಲೇ ಅವನ ಕಾರು ಕೆಮ್ಮಿ, ನಡುಗಿ, ನಿಂತುಹೋಗುತ್ತಿತ್ತು. ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ, ಕಿಡಿ ಹುಟ್ಟಿಸುವ ಪಾಯಿಂಟುಗಳ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ಪುಟ್ಟದೊಂದು ಡಬ್ಬಿ ಇರುತ್ತದೆ, ಕಂಡೆನ್ಸರ್ ಅಂತ. ಅದು ಕೆಟ್ಟಿದ್ದರೆ ಎಂಜಿನ್ ಬಿಸಿಯಾದಾಗ ಕಿಡಿ ಸಾಯುತ್ತದೆ. ಒಂದರ್ಧ ಗಂಟೆ ಆರಲು ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಓಡುತ್ತದೆ.

ನಿಲ್ಲುತ್ತಿದ್ದದ್ದು ಸರಿಯಾಗಿ ಬರ್ನಿಸ್ ಮನೆಯ ಮುಂದೆ. ಬರ್ನಿಸ್ ಗಂಡ ಸತ್ತು ಬಹಳ ಕಾಲವಾಗಿತ್ತು. ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು, ಉಗುರು ಅಲಂಕರಿಸುವ ಅಂಗಡಿ ಇಟ್ಟಿದ್ದಳು. ಮೊದಲ ಸಲ ಕಾರು ನಿಂತಾಗ ಹೊರಗೆ ಬಂದು ಏನು ಬೇಕು ಅಂತ ಕೇಳಿದಳಂತೆ. ಪಾಯಿಂಟು ಉಜ್ಜಬೇಕು ಅಂದನಂತೆ ಇವನು. ಅವಳು ಒಳಗೆ ಹೋಗಿ ಉಗುರು ಉಜ್ಜುವ ಅರ ತಂದುಕೊಟ್ಟಳಂತೆ. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ ಒಂದು ಅರ, ಜಗಲಿಯ ಮೇಲೆ ಎರಡು ಕುರ್ಚಿ, ಎರಡು ಲೋಟ ನಿಂಬೆ ಪಾನಕ. ಒಂಬತ್ತು ಬೇಸಿಗೆ ಹೀಗೇ ನಡೆಯಿತು. ಇವನ ಮೇಜಿನ ಖಾನೆ ತೆಗೆದರೆ ಗುಲಾಬಿ ಬಣ್ಣದ ಉಗುರಿನ ಅರಗಳು ಬುಳಬುಳ ಉದುರುತ್ತಿದ್ದವು. ಇವನ ಉಗುರು ನೋಡಿದರೆ ಒಳಗೆಲ್ಲ ಗ್ರೀಸು.

ಒಂಬತ್ತನೇ ಬೇಸಿಗೆಯ ಆಗಸ್ಟಿನಲ್ಲಿ ಒಂದು ದಿನ ಊಟಕ್ಕೆ ಕೂತವನು ಫೋರ್ಕ್ ಕೆಳಗಿಟ್ಟ.

"ಅಕ್ಕ, ಬರ್ನಿಸ್ ಮನೆ ಮಾರ್ತಾರಂತೆ. ಅರಿಜೋನಾದಲ್ಲಿ ಮಗಳ ಊರಿಗೆ ಹೋಗ್ತಾರಂತೆ. ಬರೋ ಸೋಮವಾರ ಮನೆ ಮುಂದೆ ಮಾರಾಟದ ಬೋರ್ಡ್ ನೆಡ್ತಾರೆ."

"ನೀನೇನಂದೆ?"

"ಅಲ್ಲಿ ಸೆಕೆ ಅಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಲೋ ಪೆದ್ದೇ, ಹೋಗಬೇಡಿ ಅಂತ ಹೇಳೋಕೆ ನಿನಗೇನು ಬಂದಿತ್ತು ರೋಗ ಅಂತ ಕೇಳಿದೆ. ಶುಕ್ರವಾರ ಹೇಳ್ತೀನಿ ಅಂದ. ಆ ವಾರವಿಡೀ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು ಅಭ್ಯಾಸ ಮಾಡಿದ. "ಬರ್ನಿಸ್ ಅವರೇ, ದಯವಿಟ್ಟು ಹೋಗಬೇಡಿ." ಯಂತ್ರ ಜೋರಾಗಿ ತಿರುಗುವಾಗ ಮಾತ್ರ ಅವನ ದನಿ ಏರುತ್ತಿತ್ತು.

ಈಗ ಬರುತ್ತಾರೆ ನೋಡಿ ಮಹಾನುಭಾವರು, ಎಡ್ಡಿ ಮತ್ತು ಗಸ್. ಇಬ್ಬರೂ ಕ್ಯಾಜ್‌ನ ಜೊತೆ ಕಾರ್ಖಾನೆಯಲ್ಲಿದ್ದವರು. ಗೆಳೆಯನ ಕಾರು ಪ್ರತಿವಾರ ದಾರಿಯಲ್ಲಿ ಕೆಡುವುದು ಅವರಿಗೆ ತಮ್ಮ ಮನೆಯ ಮಾನ ಹೋದಷ್ಟು ಸಂಕಟ. ಗುರುವಾರ ಕ್ಯಾಜ್‌ನ ಅರವತ್ತನೇ ಹುಟ್ಟುಹಬ್ಬ. ಬೆಳಿಗ್ಗೆ ಅವನು ಹಲ್ಲಿನ ಡಾಕ್ಟರ ಹತ್ತಿರ ಹೋದದ್ದೇ ತಡ, ಇಬ್ಬರೂ ಉಡುಗೊರೆ ಕೊಡುತ್ತೇವೆಂದು ಕಾರಿನ ಶೆಡ್ಡಿಗೆ ನುಗ್ಗಿ ಹಳೇ ಪಾಯಿಂಟು, ಕಂಡೆನ್ಸರ್ ಎಲ್ಲ ಕಿತ್ತೆಸೆದು, ಅವೆರಡೂ ಬೇಡದ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿ, ಮೇಲೆ ಹಳೇ ಮುಚ್ಚಳವನ್ನೇ ಮುಚ್ಚಿದರು. ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗಬಾರದು.

ಕ್ಯಾಜ್ ಬಂದ. ಕೀ ತಿರುಗಿಸು ಅಂದರು. ತಿರುಗಿಸುವ ಮೊದಲೇ ಎನ್ನುವ ಹಾಗೆ ಎಂಜಿನ್ ಎದ್ದಿತು.

"ಇನ್ನು ನೀನು ಸಾಯೋವರೆಗೂ ಇದು ದಾರೀಲಿ ನಿಲ್ಲಲ್ಲ ಕಣೋ" ಅಂದ ಎಡ್ಡಿ.

ಕ್ಯಾಜ್‌ನ ಮುಖ ಬಿಳಿಚಿಕೊಂಡಿತು. ಹಳೇದು ಎಲ್ಲಿ ಅಂತ ಕೇಳಲು ಹೋದ. ಡಾಕ್ಟರು ಕೊಟ್ಟ ಸೂಜಿಗೆ ದವಡೆ ಮರಗಟ್ಟಿತ್ತು. "ಹಯೇಯು ಎಯ್ಯಿ" ಅಂತ ಏನೋ ಹೊರಟಿತು.

"ಅಯ್ಯೋ ಪಾಪ, ಖುಷಿಗೆ ಮಾತೇ ಹೊರಡ್ತಿಲ್ಲ" ಎಂದು ಗಸ್ ಅವನನ್ನು ತಬ್ಬಿಕೊಂಡು ಅತ್ತ.

ಹಳೇದನ್ನು ಕಸದ ಗಾಡಿ ಆಗಲೇ ಒಯ್ದಿತ್ತು. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತ. ದವಡೆ ಸಡಿಲವಾದ ಮೇಲೆ ಒಂದೊಂದೇ ವಿಷಯ ಬಾಯಿಬಿಟ್ಟ.

"ಅದು ಕೆಟ್ಟಿದೆ ಅಂತ ನಂಗೆ ಮೊದಲಿಂದ ಗೊತ್ತಿತ್ತಕ್ಕ. ಎರಡನೇ ಬೇಸಿಗೇಲಿ ಹೊಸದು ಹಾಕಿದ್ದೆ. ಕಾರು ನಿಲ್ಲಲೇ ಇಲ್ಲ. ಮಾರನೇ ವಾರ ಮತ್ತೆ ಹಳೇದೇ ಹಾಕಿದೆ."

"ಇನ್ನೊಂದು ಕೆಟ್ಟದ್ದು ಸಿಗಲ್ವೇನೋ?"

"ಅದು ಪೂರ್ತಿ ಸತ್ರೆ ಇರಲಿ ಅಂತ ಹಿಂದೇನೇ ಗುಜರಿಯಲ್ಲಿ ಹುಡುಕಿ ತಂದು ನೋಡಿದ್ದೀನಿ. ಒಂದು ನಮ್ಮನೆ ಗೇಟಲ್ಲೇ ನಿಂತಿತು. ಒಂದು ಸ್ಮಶಾನದ ಹತ್ರ. ಇನ್ನೊಂದು ಪಾದ್ರಿಗಳ ಮನೆ ಮುಂದೆ ನಿಂತು, ಅವರು ಊಟಕ್ಕೆ ಕರ್ಕೊಂಡು ಹೋದ್ರು. ಬರ್ನಿಸ್ ಮನೆ ಮುಂದೆ ನಿಲ್ಲೋದು ಅದೊಂದೇ ಇದ್ದದ್ದು."

"ಅದಕ್ಕೆ ಇಷ್ಟೆಲ್ಲ ಯಾಕೋ? ಅವಳ ಮನೆ ಬಂದಾಗ ಕೀ ತಿರುಗಿಸಿ ನಿಲ್ಲಿಸು."

ಅವನಿಗೆ ನಿಜಕ್ಕೂ ಬೇಜಾರಾಯಿತು. "ಅದು ಮೋಸ ಅಕ್ಕ."

"ಕೆಟ್ಟ ಡಬ್ಬಿ ಸಾಕಿಕೊಂಡಿದ್ದದ್ದು ಮೋಸ ಅಲ್ವಾ?"

"ಅದು ನಿಜವಾಗ್ಲೂ ಕೆಟ್ಟಿತ್ತಲ್ಲ."

ಇವನ ಜೊತೆ ಮಾತಾಡುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ವಾಸಿ. ಶುಕ್ರವಾರ ನಾನೂ ಕಾರು ಹತ್ತಿ ಪಕ್ಕದಲ್ಲಿ ಕೂತೆ. ಓಕ್ ಬೀದಿ ತಿರುಗಿದೆವು. ಬರ್ನಿಸ್ ನೀಲಿ ಅಂಗಿ ತೊಟ್ಟು ಜಗಲಿಯ ಮೇಲೆ ನಿಂತಿದ್ದಳು, ಮೇಜಿನ ಮೇಲೆ ಎರಡು ಲೋಟ. ಕಾರು ಒಮ್ಮೆಯೂ ಕೆಮ್ಮದೆ ಅವಳ ಮುಂದೆ ಹಾದುಹೋಯಿತು. ಅವಳು ಎತ್ತಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

"ನಿಲ್ಲಿಸೋ" ಅಂದೆ.

"ಇನ್ನೊಂದು ಸುತ್ತು ಹೋಗೋಣ. ಇನ್ನೂ ಸರಿಯಾಗಿ ಬಿಸಿಯಾಗಿಲ್ಲ."

ಬೀದಿ ಸುತ್ತಿ ಮತ್ತೆ ಬಂದೆವು. ಮತ್ತೆ ಹೋದೆವು. ಸುತ್ತು ಹೆಚ್ಚಿದ ಹಾಗೆ ಅಕ್ಕಪಕ್ಕದವರು ಕುರ್ಚಿ ತಂದು ಹಾಕಿಕೊಂಡರು. ಎದುರುಮನೆಯ ಮುದುಕ ಮೆರವಣಿಗೆ ಅಂದುಕೊಂಡು ಬಾವುಟ ಹಿಡಿದು ನಿಂತ. ನಾನು ಬೈದೆ, ಬೇಡಿಕೊಂಡೆ, ಅವನ ತೋಳು ಚಿವುಟಿದೆ. ಕ್ಯಾಜ್ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಬೆವರುತ್ತಾ ಸುತ್ತುತ್ತಲೇ ಇದ್ದ. ಆ ದರಿದ್ರ ಎಂಜಿನ್ ಬೆಣ್ಣೆಯ ಹಾಗೆ ಓಡುತ್ತಿತ್ತು.

ಮುಂದಿನ ಸುತ್ತಿನಲ್ಲಿ ಬರ್ನಿಸ್ ನಮ್ಮ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಒಂದು ಲೋಟ ಎತ್ತಿಕೊಂಡು ಒಳಗೆ ಹೋದಳು. ಕ್ಯಾಜ್ ಅದನ್ನು ನೋಡಿದ. ಅವನ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು.

ಮತ್ತೊಮ್ಮೆ ತಿರುವಿಗೆ ಬಂದರೆ ಅವಳು ನಡುರಸ್ತೆಯಲ್ಲಿ ನಿಂತಿದ್ದಳು, ಸೊಂಟಕ್ಕೆ ಕೈಕೊಟ್ಟು. ಕ್ಯಾಜ್ ಬ್ರೇಕ್ ತುಳಿದ. ಬರ್ನಿಸ್ ಕಿಟಕಿಯ ಹತ್ತಿರ ಬಂದಳು.

"ಯಾಕೆ ಕ್ಯಾಜ್, ಇವತ್ತು ಕೆಟ್ಟಿಲ್ವಾ?"

"ಇಲ್ಲ. ಎಡ್ಡಿ, ಗಸ್ ಸೇರಿ ಸರಿಮಾಡಿಬಿಟ್ರು."

"ಸರಿಯಾಗಿದ್ರೆ ಬರ್ಗರ್ ಅಂಗಡಿಗೆ ಹೋಗಿ. ನನ್ನ ಮನೆ ಯಾಕೆ ಸುತ್ತುತಾ ಇದೀರಾ?"

ಕ್ಯಾಜ್ ನನ್ನ ಕಡೆ ತಿರುಗಿದ. ಬದುಕಿನುದ್ದಕ್ಕೂ ಅವನು ಹೀಗೆ ನೋಡಿದಾಗಲೆಲ್ಲ ನಾನು ಬಾಯಿ ತೆರೆದಿದ್ದೇನೆ. ಅವತ್ತು ತುಟಿ ಕಚ್ಚಿಕೊಂಡು ಆಚೆ ಬದಿಯ ಬೇಲಿ ನೋಡುತ್ತಾ ಕೂತೆ. ಅಷ್ಟು ಕಷ್ಟ ನಾನು ಹೆರಿಗೆಯಲ್ಲೂ ಪಟ್ಟಿಲ್ಲ.

"ಇನ್ಮೇಲೆ ಇದು ತಾನಾಗಿ ನಿಲ್ಲಲ್ಲ" ಅಂದ ಕ್ಯಾಜ್. "ನಾನೇ ನಿಲ್ಲಿಸ್ಬೇಕು."

"ನಿಲ್ಲಿಸಿ ಮತ್ತೆ."

ಅವನು ಕೀ ತಿರುಗಿಸಿದ. ಬೀದಿಯೆಲ್ಲ ನಿಶ್ಶಬ್ದವಾಯಿತು. ಅಭ್ಯಾಸ ಮಾಡಿದ್ದ "ಅವರೇ", "ದಯವಿಟ್ಟು" ಎಲ್ಲ ಎಲ್ಲಿ ಹೋದವೋ.

"ಹೋಗಬೇಡ, ಬರ್ನಿಸ್" ಅಂದ.

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು. "ಇಷ್ಟು ಹೇಳೋಕೆ ಒಂಬತ್ತು ಬೇಸಿಗೆ ಬೇಕಾಯ್ತೇನೋ ನಿಂಗೆ" ಎಂದು ಬಾಗಿಲು ತೆಗೆದು, ರಟ್ಟೆ ಹಿಡಿದು ಇಳಿಸಿಕೊಂಡು ಹೋದಳು.

ಕಾರು ನಡುರಸ್ತೆಯಲ್ಲೇ ಇತ್ತು. ಹಿಂದೆ ಬಂದು ನಿಂತ ಟ್ರಕ್ಕಿನವನು ಹಾರ್ನ್ ಮೇಲೆ ಹಾರ್ನ್ ಬಾರಿಸಿದ. ನಾನು ಇಳಿದು ಅವನ ಹತ್ತಿರ ಹೋಗಿ, ಕಾರು ಕೆಟ್ಟು ನಿಂತಿದೆ, ಪಕ್ಕದಿಂದ ಹೋಗಪ್ಪ ಅಂತ ಹೇಳಿದೆ.